ಕೆಂಪು ದೀಪದ ಮುಂದೆ ಬೈಕಿನ ಎಂಜಿನ್: ಓಡುತ್ತಿರಲಿ ಎಂದು ಬಿಡಬೇಕೇ, ಆರಿಸಬೇಕೇ?

ತುಮಕೂರುರಸ್ತೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್6 ನಿಯಮ ಬರುವುದಕ್ಕೆ ಮೊದಲಿನ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಸ್ಪ್ಲೆಂಡರ್. ನೆಲಮಂಗಲದ ಕಡೆಯಿಂದ ಯಶವಂತಪುರದವರೆಗೆ ದಿನವೂ ಹೋಗಿಬರುತ್ತೇನೆ. ಆ ದಾರಿಯಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಎಂದರೆ ಗೊರಗುಂಟೆಪಾಳ್ಯ ದಾಟುವವರು ಯಾರೂ ತಕರಾರು ಮಾಡಲಾರರು. ಇಷ್ಟು ದಿನ ಸಿಗ್ನಲ್‌ನಲ್ಲಿ ಎಂಜಿನ್ ಆರಿಸದೆ ನ್ಯೂಟ್ರಲ್‌ಗೆ ಹಾಕಿ ನಿಲ್ಲುತ್ತಿದ್ದೆ. ಈಚೆಗೆ ಪೆಟ್ರೋಲ್ ಉಳಿಯಲಿ ಎಂದು ಆರಿಸಲು ತೊಡಗಿದಾಗ ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಬೇಡವೆಂದರು. ಅವರ ಪ್ರಕಾರ ಒಮ್ಮೆ ಸ್ಟಾರ್ಟ್ ಮಾಡಲು ಹಿಡಿಯುವ ಪೆಟ್ರೋಲಿನಲ್ಲಿ ಐದು ನಿಮಿಷ ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು, ನಡೆಯುತ್ತದೆ; ಅದರ ಮೇಲೆ ಸೆಲ್ಫ್ ಮೋಟಾರು, ಬ್ಯಾಟರಿ ಎರಡೂ ಬೇಗ ಹೋಗುತ್ತವೆ. ಆದರೆ ಅದೇ ಸಿಗ್ನಲ್‌ನಲ್ಲಿ ಆಟೋ ಚಾಲಕರು ಮುಂದಿನ ಗಾಡಿ ನಿಂತ ಕೂಡಲೇ ಎಂಜಿನ್ ಆರಿಸುವುದನ್ನು ನೋಡುತ್ತೇನೆ. ಒಂದೊಂದು ರೂಪಾಯಿಗೂ ಲೆಕ್ಕವಿಡುವ ಅವರು ಕೈಯಾರೆ ನಷ್ಟ ಮಾಡಿಕೊಳ್ಳುವವರಲ್ಲ.

ನನ್ನ ಪ್ರಶ್ನೆ ಇಷ್ಟು. ಎಷ್ಟು ಹೊತ್ತು ನಿಲ್ಲುವುದಾದರೆ ಆರಿಸುವುದು ಲಾಭ? ಪದೇ ಪದೇ ಆರಿಸಿ ಹೊತ್ತಿಸುವುದರಿಂದ ಎಂಜಿನ್ನಿಗೆ ನಿಜವಾಗಿಯೂ ಪೆಟ್ಟು ಬೀಳುತ್ತದೆಯೇ? ದಯವಿಟ್ಟು ಕೇಳಿದ್ದನ್ನಲ್ಲ, ತಿಳಿದದ್ದನ್ನು ಬರೆಯಿರಿ.

ಲೆಕ್ಕದಪುಸ್ತಕ:

ನಿಮ್ಮ ಹಿರಿಯರ ಐದು ನಿಮಿಷದ ಮಾತನ್ನು ಮೊದಲು ಪರೀಕ್ಷಿಸೋಣ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಕಾಗದ ಪೆನ್ಸಿಲ್ ಸಾಕು.

ನಿಮ್ಮ ಎಂಜಿನ್ 97.2 ಸಿಸಿಯದು, ಲೆಕ್ಕಕ್ಕೆ 100 ಎಂದಿಟ್ಟುಕೊಳ್ಳಿ. ಐಡ್ಲಿಂಗ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 700 ಸಲ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿಯನ್ನು ಒಳಬಿಡುವ ಥ್ರಾಟಲ್ ಮುಚ್ಚಿರುವುದರಿಂದ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಕಾಲು ಭಾಗ ತುಂಬುತ್ತದೆ ಎಂದು ಹಿಡಿದರೆ ಒಂದು ಸಲಕ್ಕೆ 25 ಸಿಸಿ ಗಾಳಿ, ತೂಕದಲ್ಲಿ ಸುಮಾರು 0.03 ಗ್ರಾಂ. ಪೆಟ್ರೋಲ್ ಸರಿಯಾಗಿ ಉರಿಯಲು ಅದರ 14.7 ಪಟ್ಟು ತೂಕದ ಗಾಳಿ ಬೇಕಾದ್ದರಿಂದ ಸಲಕ್ಕೆ 0.002 ಗ್ರಾಂ ಪೆಟ್ರೋಲ್ ಖರ್ಚಾಗುತ್ತದೆ. 700ರಿಂದ ಗುಣಿಸಿದರೆ ನಿಮಿಷಕ್ಕೆ 1.4 ಗ್ರಾಂ, ಅಂದರೆ 2 ಮಿಲಿಲೀಟರಿಗೆ ತುಸು ಕಡಿಮೆ. ಕಾರ್ಬುರೇಟರ್ ಗಾಡಿಗಳು ಐಡ್ಲಿಂಗ್‌ನಲ್ಲಿ ಸ್ವಲ್ಪ ಹೆಚ್ಚೇ ಪೆಟ್ರೋಲ್ ಕುಡಿಯುತ್ತವೆಯಾದ್ದರಿಂದ 2 ಮಿಲಿ ಎಂದೇ ಇಟ್ಟುಕೊಳ್ಳಿ. ಇದೇ ಲೆಕ್ಕದಲ್ಲಿ 350 ಸಿಸಿಯ, ನಿಮಿಷಕ್ಕೆ 1,000 ಸುತ್ತಿನ ಎಂಜಿನ್ ಸುಮಾರು 5 ಮಿಲಿ ತಿನ್ನುತ್ತದೆ.

ಈಗ ಐದು ನಿಮಿಷದ ಐಡ್ಲಿಂಗ್ ಎಂದರೆ 10 ಮಿಲಿ ಪೆಟ್ರೋಲ್. ನಿಮ್ಮ ಬೈಕಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಸಿಲಿಂಡರಿನ ತಲೆಯೊಳಗೆ ಉಳಿಯುವ ಜಾಗವೇ ಸುಮಾರು 11 ಮಿಲಿ. ಒಂದು ಸ್ಟಾರ್ಟಿಗೆ 10 ಮಿಲಿ ಒಳಗೆ ಹೋದರೆ ಪ್ಲಗ್ ನೆನೆದು ಗಾಡಿ ಹೊತ್ತಿಕೊಳ್ಳುವುದೇ ಇಲ್ಲ. ಬಿಸಿಯಾಗಿರುವ ಎಂಜಿನ್ನು ಸೆಲ್ಫ್ ಒತ್ತಿದ ಅರ್ಧ ಸೆಕೆಂಡಿನಲ್ಲಿ, ನಾಲ್ಕೈದು ಸುತ್ತು ತಿರುಗುವುದರೊಳಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ತಗಲುವ ಹೆಚ್ಚುವರಿ ಪೆಟ್ರೋಲ್ ಕೆಲವು ಸೆಕೆಂಡುಗಳ ಐಡ್ಲಿಂಗ್‌ನಷ್ಟು ಮಾತ್ರ. ಕಾರುಗಳ ವಿಷಯದಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಅಳತೆ ಮಾಡಿ, 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸಿ ಮತ್ತೆ ಹೊತ್ತಿಸುವುದೇ ಕಡಿಮೆ ಖರ್ಚಿನದು ಎಂದು ಹೇಳಿದೆ. ಬೈಕಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದಿದ್ದರೂ ಸಂಖ್ಯೆ ನಿಮಿಷಗಳಲ್ಲಿಲ್ಲ, ಸೆಕೆಂಡುಗಳಲ್ಲಿದೆ ಎಂಬುದು ಸ್ಪಷ್ಟ.

ಆದರೆ ಉಳಿತಾಯವನ್ನೂ ಹಿಗ್ಗಿಸಿ ಹೇಳಬಾರದು. ದಿನಕ್ಕೆ ಕಾಲು ಗಂಟೆ ಸಿಗ್ನಲ್‌ಗಳಲ್ಲಿ ಕಳೆಯುವವರಿಗೆ 30 ಮಿಲಿ ಉಳಿಯುತ್ತದೆ. ತಿಂಗಳಲ್ಲಿ ಇಪ್ಪತ್ತೈದು ದಿನ ಓಡಾಡಿದರೆ ಮುಕ್ಕಾಲು ಲೀಟರ್. ಲೀಟರಿಗೆ ನೂರು ರೂಪಾಯಿಯ ಆಸುಪಾಸಿನ ಈ ಕಾಲದಲ್ಲಿ ತಿಂಗಳಿಗೆ ಎಪ್ಪತ್ತೈದು ರೂಪಾಯಿ. ಬೇಡವೆನ್ನುವ ಹಣವಲ್ಲ, ಆದರೆ ಇದರಿಂದ ಯಾರೂ ಸಿರಿವಂತರಾಗುವುದಿಲ್ಲ. ಟೈರಿನ ಗಾಳಿ ಕಡಿಮೆಯಿಟ್ಟುಕೊಂಡು ಸಿಗ್ನಲ್‌ನಲ್ಲಿ ಮಾತ್ರ ಶಿಸ್ತು ಪಾಲಿಸುವವರು ಕೈಗೆ ಬಂದ ಉಳಿತಾಯವನ್ನು ರಸ್ತೆಗೇ ಸುರಿಯುತ್ತಿರುತ್ತಾರೆ.

ಗ್ಯಾರೇಜ್‌ಬಾಗಿಲು:

ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ದ್ವಿಚಕ್ರ ವಾಹನಗಳ ರಿಪೇರಿ ಮಾಡುತ್ತಿದ್ದೇನೆ. ಪೆಟ್ರೋಲಿನ ಲೆಕ್ಕವನ್ನು ಮೇಲಿನವರು ಮುಗಿಸಿದ್ದಾರೆ. ನಾನು ಸೆಲ್ಫ್ ಮತ್ತು ಬ್ಯಾಟರಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ.

ಹಳೆಯ ಮಾದರಿಯ ಸೆಲ್ಫ್ ವ್ಯವಸ್ಥೆಯಲ್ಲಿ ಒಂದು ಪ್ರತ್ಯೇಕ ಮೋಟಾರು, ಅದರೊಳಗೆ ಕಾರ್ಬನ್ ಬ್ರಶ್, ಅಲ್ಲಿಂದ ಹಲ್ಲಿನ ಚಕ್ರಗಳು, ಕೊನೆಗೆ ಮ್ಯಾಗ್ನೆಟ್‌ನ (ಎಂಜಿನ್ ಜೊತೆ ತಿರುಗಿ ವಿದ್ಯುತ್ ಉತ್ಪಾದಿಸುವ ಭಾಗ) ಹಿಂದೆ, ಒಂದೇ ದಿಕ್ಕಿಗೆ ಹಿಡಿತ ಕೊಡುವ ಒನ್‌ವೇ ಕ್ಲಚ್ ಇರುತ್ತವೆ. ಬ್ರಶ್ ಸವೆಯುವ ವಸ್ತು. ಒನ್‌ವೇ ಕ್ಲಚ್‌ನ ರೋಲರ್‌ಗಳೂ ಸವೆಯುತ್ತವೆ. ಸೆಲ್ಫ್ ಒತ್ತಿದಾಗ ಮೋಟಾರು ಗರ್ರೆಂದು ತಿರುಗಿ ಎಂಜಿನ್ ಮಾತ್ರ ತಿರುಗದಿದ್ದರೆ ಒನ್‌ವೇ ಜಾರುತ್ತಿದೆ ಎಂದೇ ಅರ್ಥ. ದಿನಕ್ಕೆ ನಾಲ್ಕು ಸಲ ಒತ್ತುವವರ ಗಾಡಿಗೂ ಮೂವತ್ತು ಸಲ ಒತ್ತುವವರ ಗಾಡಿಗೂ ಇದರಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಹಾಗೆಂದು ತಿಂಗಳೊಳಗೆ ಕೆಟ್ಟುಹೋಗುವ ಭಾಗಗಳೂ ಇವಲ್ಲ. ನನ್ನ ಬಳಿಗೆ ಬರುವ ಸುಟ್ಟ ಮೋಟಾರುಗಳಲ್ಲಿ ಹೆಚ್ಚಿನವು ಬಿಸಿ ಎಂಜಿನ್ನನ್ನು ಅರೆಕ್ಷಣ ತಿರುಗಿಸಿ ಸುಟ್ಟವಲ್ಲ. ಬೆಳಗಿನ ಚಳಿಯಲ್ಲಿ, ಪೆಟ್ರೋಲ್ ಪ್ರಮಾಣ ಹೆಚ್ಚಿಸುವ ಚೋಕ್ ಎಳೆಯದೆ, ಹೊತ್ತಿಕೊಳ್ಳದ ಎಂಜಿನ್ನಿನ ಮೇಲೆ ಗುಂಡಿಯನ್ನು ಬಿಡದೆ ಒತ್ತಿಹಿಡಿದು ಸುಟ್ಟವು.

ಹೊಸ ಗಾಡಿಗಳ ವಿಷಯ ಬೇರೆ. ಬಿಎಸ್6 ಆಕ್ಟಿವಾದಂಥ ಸ್ಕೂಟರುಗಳಲ್ಲಿ ವಿದ್ಯುತ್ ಉತ್ಪಾದಿಸುವ ಮ್ಯಾಗ್ನೆಟ್ಟೇ ಸ್ಟಾರ್ಟ್ ಮಾಡುವ ಮೋಟಾರಾಗಿಯೂ ಕೆಲಸ ಮಾಡುತ್ತದೆ. ನಡುವೆ ಹಲ್ಲಿನ ಚಕ್ರವಿಲ್ಲದ್ದರಿಂದ ಸ್ಟಾರ್ಟ್ ಮಾಡಿದ್ದು ಕಿವಿಗೇ ಬೀಳುವುದಿಲ್ಲ. ತಾನಾಗಿ ಆರಿ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆಯನ್ನು ಕಂಪನಿಯವರೇ ಕೊಟ್ಟ ಗಾಡಿಗಳಲ್ಲಿ ಎಷ್ಟು ಸಲ ಆರಿಸಿದರೆ ಏನಾದೀತು ಎಂದು ಚಿಂತಿಸಬೇಕಾಗಿಲ್ಲ.

ಲೆಕ್ಕದಪುಸ್ತಕ:

ಬ್ಯಾಟರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೆಲ್ಫ್ ಒತ್ತಿದಾಗ 50 ಆಂಪಿಯರ್ ಅರ್ಧ ಸೆಕೆಂಡ್ ಹರಿಯಿತು ಎಂದುಕೊಂಡರೆ ಖರ್ಚಾದದ್ದು 25 ಆಂಪಿಯರ್-ಸೆಕೆಂಡ್. 3 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿಯೂ 10,800 ಆಂಪಿಯರ್-ಸೆಕೆಂಡ್ ಇರುತ್ತದೆ. ಗಾಡಿ ಓಡುವಾಗ ಒಂದು ಆಂಪಿಯರ್ ಚಾರ್ಜ್ ಆಗುತ್ತಿದ್ದರೆ ಅರ್ಧ ನಿಮಿಷದಲ್ಲಿ ಕಳೆದುಕೊಂಡದ್ದು ಮರಳಿ ಬರುತ್ತದೆ. ತೊಂದರೆ ಬರುವುದು ಇನ್ನೂರು ಮೀಟರಿಗೊಮ್ಮೆ ನಿಂತು, ಪ್ರತಿ ಸಲವೂ ಆರಿಸಿ, ನಡುವೆ ಎಂಜಿನ್ ವೇಗವಾಗಿ ತಿರುಗಲು ಅವಕಾಶವೇ ಸಿಗದಿದ್ದಾಗ.

ಇದಕ್ಕೆ ಎದುರಾದ ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಮ್ಯಾಗ್ನೆಟ್ ನಿಧಾನವಾಗಿ ತಿರುಗುವಾಗ ಹುಟ್ಟುವ ವಿದ್ಯುತ್ ಬಹಳ ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಮುಂದಿನ ದೀಪ ಉರಿಯಲೇಬೇಕು. 35 ವ್ಯಾಟಿನ ಬಲ್ಬು ಇದ್ದರೆ ಆ ದೀಪವೊಂದೇ ಸುಮಾರು 3 ಆಂಪಿಯರ್ ತೆಗೆದುಕೊಳ್ಳುತ್ತದೆ. ಹಿಂದೆ ಬ್ರೇಕ್ ಲೈಟ್, ಪಕ್ಕದಲ್ಲಿ ಇಂಡಿಕೇಟರ್ ಸೇರಿದರೆ ಬ್ಯಾಟರಿಗೆ ಸಿಗುವುದು ಅಷ್ಟಕ್ಕಷ್ಟೇ.

ಮುನ್ನೂರೈವತ್ತು:

ನೀವೆಲ್ಲ 100 ಸಿಸಿಯ ಸುತ್ತಲೇ ಮಾತನಾಡುತ್ತಿದ್ದೀರಿ. ಬುಲೆಟ್ ಓಡಿಸುವವರ ಅನುಭವ ಬೇರೆ. ಎಂಜಿನ್ ಆರಿಸಿದರೆ ಅದರೊಳಗಿನ ಆಯಿಲ್ ಕೆಳಗಿಳಿಯುತ್ತದೆ, ಮತ್ತೆ ಸ್ಟಾರ್ಟ್ ಮಾಡಿದಾಗ ಲೋಹ ಲೋಹಕ್ಕೆ ಉಜ್ಜುತ್ತದೆ. ಸ್ಟಾರ್ಟ್ ಮಾಡುವ ಗಳಿಗೆಯಲ್ಲೇ ಎಂಜಿನ್ ಹೆಚ್ಚು ಸವೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದ್ದರಿಂದ ನಾನು ಮೇಖ್ರಿ ವೃತ್ತದಲ್ಲಿ ಎಷ್ಟೇ ಹೊತ್ತು ನಿಂತರೂ ಆರಿಸುವುದಿಲ್ಲ; ನಿಧಾನವಾಗಿ ಡಗ್ ಡಗ್ ಎನ್ನುತ್ತಿರಲಿ ಎಂದು ಬಿಡುತ್ತೇನೆ. ಅದರಿಂದ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ.

ಗ್ಯಾರೇಜ್‌ಬಾಗಿಲು:

ಮುನ್ನೂರೈವತ್ತು ಅವರೇ, ಸ್ಟಾರ್ಟ್ ಮಾಡುವಾಗ ಸವೆತ ಹೆಚ್ಚು ಎಂಬ ಮಾತು ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನಿಗೆ ಸಲ್ಲುವುದು. ಆಗ ಆಯಿಲ್ ದಪ್ಪಗಿರುತ್ತದೆ, ಮೇಲಿನ ಭಾಗಗಳಿಂದ ಇಳಿದು ತಳ ಸೇರಿರುತ್ತದೆ, ಪೆಟ್ರೋಲ್ ಹೆಚ್ಚಾಗಿ ಹೋಗಿ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆಯುತ್ತದೆ. ಒಂದು ನಿಮಿಷ ಆರಿಸಿ ಮತ್ತೆ ಹೊತ್ತಿಸಿದರೆ ಇವು ಯಾವುವೂ ಆಗುವುದಿಲ್ಲ. ವಾಲ್ವ್ ತೆರೆಯುವ ಕ್ಯಾಮ್ ಮತ್ತು ರಾಕರ್, ಹಾಗೆಯೇ ಬೇರಿಂಗ್‌ಗಳ ಮೇಲೆ ಬಿಸಿ ಆಯಿಲಿನ ಪದರ ಹಾಗೆಯೇ ಇರುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ನೀವು ಮೆಚ್ಚಿಕೊಂಡ ಆ ನಿಧಾನದ ಡಗ್ ಡಗ್ ಬಗ್ಗೆ. ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನ ಜೊತೆಗೇ. ಎಂಜಿನ್ ನಿಧಾನವಾದಷ್ಟೂ ಪಂಪಿನ ಒತ್ತಡ ಇಳಿಯುತ್ತದೆ. ಅದರ ಮೇಲೆ ಗಾಳಿಯಿಂದ ತಣಿಯುವ ಎಂಜಿನ್ನಿಗೆ ರೆಕ್ಕೆಗಳ ನಡುವೆ ಗಾಳಿ ಹರಿದರೆ ಮಾತ್ರ ತಂಪು. ಗಾಡಿ ನಿಂತರೆ ಆ ಗಾಳಿಯೂ ನಿಂತಿತು. ಒಳಗೆ ಬೆಂಕಿ ಉರಿಯುತ್ತಲೇ ಇರುತ್ತದೆ, ಆಯಿಲ್ ಬಿಸಿಯಾಗಿ ತೆಳ್ಳಗಾಗುತ್ತದೆ, ಒತ್ತಡ ಇನ್ನಷ್ಟು ಇಳಿಯುತ್ತದೆ. ಸದ್ದು ಚೆನ್ನಾಗಿ ಕೇಳಲಿ ಎಂದು ಐಡ್ಲಿಂಗ್ ಸ್ಕ್ರೂವನ್ನು ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಸಿಕೊಂಡು, ಬೇಸಿಗೆಯ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ನಿಲ್ಲುವ ಹಳೆಯ ಬುಲೆಟ್‌ಗಳ ತಲೆಭಾಗವನ್ನು ಬಿಚ್ಚಿದಾಗ ರಾಕರ್‌ಗಳು ಹೇಗಿರುತ್ತವೆ ಎಂದು ನೋಡಿದವರಿಗೆ ಗೊತ್ತು. ನಿಮ್ಮ ಗಾಡಿಗೆ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆರಿಸದೆ ಬಿಡುವುದರಿಂದ ಎಂಜಿನ್ನನ್ನು ಕಾಪಾಡುತ್ತಿದ್ದೇನೆ ಎಂಬ ಭಾವನೆ ತಲೆಕೆಳಗಾದದ್ದು.

ಸ್ಕೂಟರ್‌ಗಳಿಗೆ ಈ ಬಿಸಿಯ ಮಾತು ಅಷ್ಟಾಗಿ ತಾಗುವುದಿಲ್ಲ. ಅವುಗಳ ಎಂಜಿನ್ ಮುಚ್ಚಿರುವುದರಿಂದ ಮ್ಯಾಗ್ನೆಟ್‌ನ ಮೇಲೆಯೇ ಒಂದು ಫ್ಯಾನ್ ಕೂರಿಸಿರುತ್ತಾರೆ. ನಿಂತಾಗಲೂ ಗಾಳಿ ಸಿಗುತ್ತದೆ.

ಮುನ್ನೂರೈವತ್ತು:

ಬಿಸಿಯ ವಿಷಯ ಒಪ್ಪಿದೆ. ಸ್ಕ್ರೂ ಇಳಿಸಿಲ್ಲ ಎಂದು ಮಾತ್ರ ದಾಖಲೆಗಾಗಿ ಹೇಳುತ್ತೇನೆ. ಆದರೂ ಇಪ್ಪತ್ತು ಸೆಕೆಂಡಿನ ಸಿಗ್ನಲ್‌ಗೆ ಆರಿಸುವುದು ಅತಿಯಾಯಿತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಿಂಬದಿಕನ್ನಡಿ:

ಇಷ್ಟು ಹೊತ್ತು ಎಲ್ಲರೂ ಎಂಜಿನ್ನಿನ ಆರೋಗ್ಯವನ್ನೇ ನೋಡಿದ್ದೀರಿ. ಸವಾರನ ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲ. ನನಗೆ ಈ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಾವು ಆರಿಸುವ ಗಳಿಗೆ ಯಾವುದು ಎಂಬುದು.

ಸಿಗ್ನಲ್‌ಗೆ ಬಂದು ನಿಂತ ಮೊದಲ ಕೆಲವು ಸೆಕೆಂಡುಗಳು ಬೈಕ್ ಸವಾರನಿಗೆ ಅಪಾಯದವು. ಹಿಂದಿನಿಂದ ಬರುವ ಬಸ್ಸು ಅಥವಾ ಟಿಪ್ಪರ್ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದಲೇ ಸವಾರಿ ತರಬೇತಿ ಕೊಡುವವರು, ನಿಂತ ಮೇಲೆಯೂ ಮೊದಲ ಗೇರ್‌ನಲ್ಲಿದ್ದು, ಕ್ಲಚ್ ಹಿಡಿದು, ಕನ್ನಡಿ ನೋಡುತ್ತಾ, ಪಕ್ಕಕ್ಕೆ ಸರಿಯಲು ಒಂದು ದಾರಿ ಉಳಿಸಿಕೊಳ್ಳಬೇಕೆಂದು ಹೇಳಿಕೊಡುತ್ತಾರೆ. ನಿಂತ ತಕ್ಷಣ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸಿ, ಮೊಬೈಲ್ ತೆಗೆಯುವವನ ಬಳಿ ಯಾವ ದಾರಿಯೂ ಉಳಿದಿರುವುದಿಲ್ಲ. ಹಿಂದೆ ಎರಡು ಮೂರು ವಾಹನ ಬಂದು ಪೂರ್ತಿಯಾಗಿ ನಿಂತ ಮೇಲೆ ಅವೇ ನಿಮ್ಮ ಬೆನ್ನಿಗೆ ಗೋಡೆಯಾಗುತ್ತವೆ. ಆರಿಸುವುದು ಆಮೇಲೆ. ರಾತ್ರಿ ಹೆದ್ದಾರಿಯ ಸಿಗ್ನಲ್‌ನಲ್ಲಿ ಹಿಂದೆ ಯಾರೂ ಇಲ್ಲದೆ ಒಬ್ಬರೇ ನಿಂತಿದ್ದರೆ ನಾನು ಆರಿಸುವುದೇ ಇಲ್ಲ. 2 ಮಿಲಿ ಪೆಟ್ರೋಲ್ ಉರಿದರೆ ಉರಿಯಲಿ.

ದೀಪದ ವಿಷಯವೂ ಇದೆ. ಕೀಲಿ ತಿರುಗಿಸಿ ಆರಿಸಿದರೆ ಹಿಂದಿನ ಕೆಂಪು ದೀಪ, ಬ್ರೇಕ್ ಲೈಟ್ ಎರಡೂ ಸಾಯುತ್ತವೆ. ಕತ್ತಲಲ್ಲಿ, ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ ಒತ್ತಿ ಆರಿಸಿದರೆ ಕೀಲಿ ಆನ್ ಆಗಿಯೇ ಇರುವುದರಿಂದ ಬ್ರೇಕ್ ಒತ್ತಿದಾಗ ಹಿಂದೆ ದೀಪ ಕಾಣಿಸುತ್ತದೆ, ಮತ್ತೆ ಹೊರಡುವಾಗ ಕೈ ಹ್ಯಾಂಡಲ್ ಬಿಡಬೇಕಾಗಿಯೂ ಇಲ್ಲ. ಆದರೆ ಕಿಲ್ ಸ್ವಿಚ್ ಒತ್ತಿ ಗಾಡಿ ನಿಲ್ಲಿಸಿ ಕೀಲಿ ಮರೆತು ಹೋದರೆ ಸಂಜೆ ಬ್ಯಾಟರಿ ಖಾಲಿಯಾಗಿರುತ್ತದೆ. ಅದು ಸಿಗ್ನಲ್‌ಗೆ ಮಾತ್ರ ಇರಲಿ.

ತುಮಕೂರುರಸ್ತೆ:

ಬಹಳ ಉಪಯುಕ್ತ. ಹಿಂಬದಿಕನ್ನಡಿ ಅವರಲ್ಲಿ ಒಂದು ಪ್ರಶ್ನೆ: ಮತ್ತೆ ಹೊತ್ತಿಸುವುದು ಯಾವಾಗ? ಹಸಿರು ಬಿದ್ದ ಮೇಲೆ ಸೆಲ್ಫ್ ಒತ್ತಿದರೆ ಹಿಂದಿನವರು ಹಾರ್ನ್ ಒತ್ತಿ ಕಿವಿ ಹರಿಯುತ್ತಾರೆ. ನಮ್ಮ ಕಡೆ ಹಸಿರು ಬೀಳುವ ಮೊದಲೇ ಹಾರ್ನ್ ಶುರುವಾಗಿರುತ್ತದೆ.

ಹಿಂಬದಿಕನ್ನಡಿ:

ಕ್ಷಣಗಣನೆಯ ಫಲಕ ಇರುವಲ್ಲಿ ಐದು ಸೆಕೆಂಡ್ ಉಳಿದಾಗ ಹೊತ್ತಿಸಿ, ಗೇರ್ ಹಾಕಿ, ಎಡ ಬಲ ನೋಡಿ. ಫಲಕ ಇಲ್ಲದಲ್ಲಿ ಅಡ್ಡರಸ್ತೆಯ ವಾಹನಗಳ ಹರಿವು ನಿಲ್ಲುವುದನ್ನು ನೋಡಿ ಹೊತ್ತಿಸಬಹುದು. ಸಂಚಾರ ಎಷ್ಟಿದೆ ಎಂದು ನೋಡಿ ತಾನೇ ಸಮಯ ಬದಲಾಯಿಸುವ ಸಿಗ್ನಲ್‌ಗಳಲ್ಲಿ ನಿನ್ನೆಯ ಲೆಕ್ಕ ಇಂದು ಹೊಂದುವುದಿಲ್ಲ. ಅಂಥಲ್ಲಿ ಸಾಲಿನ ಮೊದಲಿಗರು ನೀವಾಗಿದ್ದರೆ ಆರಿಸದಿರುವುದೇ ವಾಸಿ. ಸಾಲಿನ ನಡುವೆ ಇರುವವರಿಗೆ ಮುಂದಿನವರು ಕದಲುವವರೆಗೆ ಸಮಯ ಸಿಕ್ಕೇ ಸಿಗುತ್ತದೆ. ಇನ್ನು ಹಾರ್ನ್‌ಗೆ ಮದ್ದಿಲ್ಲ.

ಮೈಸೂರುಎರಡುಸ್ಟ್ರೋಕ್:

ನಾಲ್ಕು ಸ್ಟ್ರೋಕಿನವರ ನಡುವೆ ಹಳೆಯ ಯೆಜ್ಡಿಯವನೊಬ್ಬನ ಮಾತಿಗೂ ಜಾಗವಿರಲಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಇಲ್ಲಿ ಆ ಗಾಡಿಗಳು ಇನ್ನೂ ಓಡುತ್ತಿವೆ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗ್‌ಗೂ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆ ಬರುವ ಆಯಿಲಿನಿಂದ ಮಾತ್ರ. ಐಡ್ಲಿಂಗ್‌ನಲ್ಲಿ ಅದು ಸರಿಯಾಗಿ ಉರಿಯದೆ ಕ್ರ್ಯಾಂಕ್‌ಕೇಸ್‌ನಲ್ಲಿ ನಿಲ್ಲುತ್ತದೆ, ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ. ಐದು ನಿಮಿಷ ನಿಂತು ಹೊರಟರೆ ಹಿಂದಿನವರಿಗೆ ನೀಲಿ ಹೊಗೆಯ ಪರದೆ ಕಾಣುವುದು ಅದಕ್ಕೇ. ಆದ್ದರಿಂದ ಹೆಚ್ಚು ಹೊತ್ತು ಐಡ್ಲಿಂಗ್ ಬಿಡುವುದು ಇದಕ್ಕೆ ಒಗ್ಗದು. ಆದರೆ ಸೆಲ್ಫ್ ಇಲ್ಲ, ಪ್ರತಿ ಸಿಗ್ನಲ್‌ಗೂ ಕಿಕ್ ಹೊಡೆಯಬೇಕು. ನನ್ನ ಕಾಲು ಒಪ್ಪಿಕೊಂಡಿರುವ ನಿಯಮ, ನಿಮಿಷಕ್ಕಿಂತ ಹೆಚ್ಚಾದರೆ ಮಾತ್ರ ಆರಿಸುವುದು.

ಆರಿಸುವ ಮುಂಚೆ ಒಂದು ಸಲ ಜೋರಾಗಿ ರೇಸ್ ಕೊಡುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬಿಡಿ. ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಅದರಿಂದ ಆಗುವುದು, ಉರಿಯದ ಪೆಟ್ರೋಲ್ ಸಿಲಿಂಡರಿನೊಳಗೆ ಉಳಿಯುವುದು ಮಾತ್ರ.

ಶಾಲೆಗೇಟ್:

ನಾನು ಸ್ಕೂಟರ್ ಓಡಿಸುವವಳು. ಸಿಗ್ನಲ್‌ಗಿಂತ ಹೆಚ್ಚು ಐಡ್ಲಿಂಗ್ ನಡೆಯುವ ಸ್ಥಳವನ್ನು ಯಾರೂ ಹೇಳಲಿಲ್ಲ: ಶಾಲೆಯ ಗೇಟ್. ಬೆಲ್ ಹೊಡೆಯುವ ಹತ್ತು ನಿಮಿಷ ಮೊದಲೇ ಬಂದು, ಗಾಡಿಯ ಮೇಲೆ ಕೂತು, ಎಂಜಿನ್ ಆರಿಸದೆ ಮೊಬೈಲ್ ನೋಡುವ ಪೋಷಕರು ಸಾಲಾಗಿ ನಿಂತಿರುತ್ತಾರೆ. ಲೆಕ್ಕದಪುಸ್ತಕ ಅವರ ಸೂತ್ರವನ್ನೇ 110 ಸಿಸಿಯ, ನಿಮಿಷಕ್ಕೆ 1,700 ಸುತ್ತಿನ ಸ್ಕೂಟರಿಗೆ ಹಾಕಿ ನೋಡಿದೆ. ಹತ್ತು ನಿಮಿಷಕ್ಕೆ ಸುಮಾರು 25 ಮಿಲಿ ಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಗಾಡಿಯಲ್ಲಿ ಅಷ್ಟಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ಹೋಗಬಹುದು. ಹಲವರ ಮನೆ ಅಷ್ಟೇ ದೂರ.

ಹಣಕ್ಕಿಂತ ನನಗೆ ಸಂಕಟವಾಗುವುದು ಸೈಲೆನ್ಸರ್‌ನ ಎತ್ತರ ನೋಡಿದಾಗ. ನಮ್ಮ ಮೊಣಕಾಲಿನ ಕೆಳಗೆ ಬರುವ ಆ ಹೊಗೆ ಒಂದನೇ ತರಗತಿಯ ಮಗುವಿನ ಮುಖಕ್ಕೆ ಬಹಳ ಹತ್ತಿರ. ಇಲ್ಲಿ ಸೆಕೆಂಡುಗಳ ಚರ್ಚೆಯೇ ಬೇಕಿಲ್ಲ. ಗಾಡಿ ನಿಲ್ಲಿಸಿದ್ದೇವೆ ಎಂದರೆ ಆರಿಸಿದ್ದೇವೆ ಎಂದೇ ಆಗಬೇಕು.

ಗಾಡಿಯನ್ನು ಓಡುತ್ತಿರುವಂತೆಯೇ ಬಿಟ್ಟು ಮಗುವನ್ನು ಕರೆತರಲು ಒಳಗೆ ಹೋಗುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಮೇಲೆ ಪರವಾನಗಿ ಇರುವ ಚಾಲಕ ಇರಬೇಕು, ಇಲ್ಲವಾದರೆ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು.

ಕೊಪ್ಪದಮಳೆ:

ಮಲೆನಾಡಿನಿಂದ ಎರಡು ಮಾತು.

ಮೊದಲನೆಯದು ಬೆಳಗಿನ ವಿಷಯ. ಚಳಿಗಾಲದಲ್ಲಿ ಗಾಡಿ ಹೊತ್ತಿಸಿ, ಅದು ಅಂಗಳದಲ್ಲಿ ಹತ್ತು ನಿಮಿಷ ಓಡುತ್ತಿರಲಿ ಎಂದು ಬಿಟ್ಟು ಒಳಗೆ ಕಾಫಿ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಅಷ್ಟು ಬೇಕಿಲ್ಲ. ಆಯಿಲ್ ಮೇಲಿನವರೆಗೆ ತಲುಪಲು ಕೆಲವು ಸೆಕೆಂಡು ಸಾಕು. ಅರ್ಧ ನಿಮಿಷ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಹೆಚ್ಚು ತಿರುಗಿಸದೆ ನಿಧಾನವಾಗಿ ಓಡಿಸಿದರೆ ಎಂಜಿನ್ ಐಡ್ಲಿಂಗ್‌ಗಿಂತ ಬೇಗ ಬಿಸಿಯಾಗುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಚೋಕ್ ಎಳೆದಿಟ್ಟುಕೊಂಡು ಹೊರಟು, ಎಂಜಿನ್ ಹದಕ್ಕೆ ಬಂದ ಕೂಡಲೇ ಒಳಗೆ ತಳ್ಳಬೇಕು. ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿ ತನಗೆ ಬೇಕಾದ ಹೆಚ್ಚು ಪೆಟ್ರೋಲನ್ನು ತಾನೇ ಅಳೆದುಕೊಳ್ಳುತ್ತದೆ.

ಎರಡನೆಯದು ಘಟ್ಟ. ಪೆಟ್ರೋಲ್ ಉಳಿಸಲು ಆಗುಂಬೆಯ 14 ತಿರುವುಗಳನ್ನು ಎಂಜಿನ್ ಆರಿಸಿ ಇಳಿಯುವವರನ್ನು ಕಂಡಿದ್ದೇನೆ. ಎಂಜಿನ್ನಿನ ಹಿಡಿತ ಇಲ್ಲದಿದ್ದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇಂಜೆಕ್ಷನ್ ಗಾಡಿಯವರಂತೂ ಹೀಗೆ ಮಾಡಿ ಗಳಿಸುವುದು ಏನೂ ಇಲ್ಲ: ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಅಂಥ ವ್ಯವಸ್ಥೆ ಇರುವ ಎಂಜಿನ್‌ಗಳಲ್ಲಿ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದಾಗಲೇ ಅದಕ್ಕೆ ಐಡ್ಲಿಂಗ್‌ಗೆಂದು ಪೆಟ್ರೋಲ್ ಬೇಕಾಗುವುದು.

ಗ್ಯಾರೇಜ್‌ಬಾಗಿಲು:

ಬೆಳಗಿನ ಐಡ್ಲಿಂಗ್ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಊರುಗಳಲ್ಲಿ ಅನೇಕರು ಗಾಡಿಯನ್ನು ಮನೆಯ ನಡುಮನೆಯಲ್ಲೋ ವಠಾರದ ಓಣಿಯಲ್ಲೋ ನಿಲ್ಲಿಸುತ್ತಾರೆ. ಅಲ್ಲಿಯೇ ಹೊತ್ತಿಸಿ ಬಿಸಿಯಾಗಲಿ ಎಂದು ಬಿಡಬೇಡಿ. ತಣ್ಣಗಿರುವ ಕಾರ್ಬುರೇಟರ್ ಎಂಜಿನ್ ಚೋಕ್‌ನಲ್ಲಿ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಳ್ಳಿಕೊಂಡು ಬೀದಿಗೆ ತಂದು ಹೊತ್ತಿಸಿ.

ಹೊಸಹೀರೋ:

ನನ್ನ ಬೈಕಿನಲ್ಲಿ ಐ3ಎಸ್ ಗುಂಡಿ ಇದೆ. ನ್ಯೂಟ್ರಲ್‌ನಲ್ಲಿ ನಿಂತರೆ ಐದು ಸೆಕೆಂಡಿಗೆ ತಾನಾಗಿ ಆರುತ್ತದೆ, ಕ್ಲಚ್ ಹಿಡಿದರೆ ಹೊತ್ತಿಕೊಳ್ಳುತ್ತದೆ. ಗಾಡಿ ಕೊಟ್ಟವರು ಸದಾ ಆನ್ ಇಡಿ ಎಂದರು, ಸ್ನೇಹಿತರು ಆಫ್ ಮಾಡು ಎನ್ನುತ್ತಾರೆ. ಕೆಲವು ಸಲ ಆನ್ ಇದ್ದರೂ ಆರುವುದಿಲ್ಲ, ಅದೇಕೆ?

ಗ್ಯಾರೇಜ್‌ಬಾಗಿಲು:

ಹೀರೋ ಕಂಪನಿ 2014ರಲ್ಲಿ ಸ್ಪ್ಲೆಂಡರ್ ಐಸ್ಮಾರ್ಟ್‌ನಲ್ಲಿ ತಂದ ವ್ಯವಸ್ಥೆ ಅದು. ಆನ್ ಇಡಿ. ಗೇರ್‌ನಲ್ಲಿ ಕ್ಲಚ್ ಹಿಡಿದು ತೆವಳುವ ಟ್ರಾಫಿಕ್‌ನಲ್ಲಿ ಅದು ನಿಮ್ಮ ತಂಟೆಗೆ ಬರುವುದಿಲ್ಲ. ನೀವಾಗಿ ನ್ಯೂಟ್ರಲ್‌ಗೆ ಹಾಕಿದಾಗ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಇನ್ನೂ ತಣ್ಣಗಿದ್ದರೆ ಇಂಥ ವ್ಯವಸ್ಥೆಗಳು ಆರಿಸುವುದಿಲ್ಲ. ಬಿಸಿಯಾದ ಮೇಲೂ ಆರದಿದ್ದರೆ ಮೊದಲು ಬ್ಯಾಟರಿ ಪರೀಕ್ಷಿಸಿ.

ತುಮಕೂರುರಸ್ತೆ:

ಎಲ್ಲರಿಗೂ ಧನ್ಯವಾದ. ಹಿಂದೆ ವಾಹನಗಳು ನಿಂತ ಮೇಲೆ, ಇನ್ನೂ ಅರ್ಧ ನಿಮಿಷವಾದರೂ ಉಳಿದಿದ್ದರೆ ಆರಿಸುವುದೆಂದು ಇಟ್ಟುಕೊಳ್ಳುತ್ತೇನೆ. ಒಂದೇ ಅಳುಕು ಉಳಿದಿದೆ. ಬೆಳಗ್ಗೆ ಒಂದೇ ಸಲಕ್ಕೆ ಹೊತ್ತಿಕೊಳ್ಳುವ ನನ್ನ ಗಾಡಿ, ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಆರಿಸಿದರೆ ಕೆಲವೊಮ್ಮೆ ಎರಡು ಮೂರು ಸಲ ಸೆಲ್ಫ್ ಒತ್ತಿಸಿಕೊಳ್ಳುತ್ತದೆ. ಸಿಗ್ನಲ್ ನಡುವೆ ಕೈಕೊಟ್ಟರೆ ಎಂಬ ಭಯ.

ಗ್ಯಾರೇಜ್‌ಬಾಗಿಲು:

ಈ ಭಯ ಹಲವರಿಗಿದೆ. ಆರಿಸದೆ ನಿಲ್ಲುವವರಲ್ಲಿ ಬಹಳ ಮಂದಿಗೆ ನಿಜವಾದ ಕಾರಣವೂ ಇದೇ. ಸುಸ್ಥಿತಿಯ ಗಾಡಿ ಬಿಸಿಯಲ್ಲಿ ತಣ್ಣಗಿರುವಾಗಿನದಕ್ಕಿಂತ ಸುಲಭವಾಗಿ ಹೊತ್ತಿಕೊಳ್ಳಬೇಕು. ಬಿಸಿಯಲ್ಲಿ ಮಾತ್ರ ಸತಾಯಿಸುತ್ತಿದ್ದರೆ ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್) ಬಿಗಿಯಾಗಿರಬಹುದು: ಬಿಸಿಗೆ ವಾಲ್ವ್ ಉದ್ದವಾಗಿ, ಪೂರ್ತಿ ಮುಚ್ಚದೆ, ಕಂಪ್ರೆಷನ್ ಸೋರುತ್ತದೆ. ಇಲ್ಲವೇ ಪ್ಲಗ್ ಹಳೆಯದಾಗಿರಬಹುದು, ಅಥವಾ ಕಾರ್ಬುರೇಟರ್‌ನ ಫ್ಲೋಟ್ ಸರಿಯಾಗಿ ಕೂರದೆ ಪೆಟ್ರೋಲ್ ಹೆಚ್ಚಾಗಿ ತುಂಬುತ್ತಿರಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ಆವಿಯಾಗುವುದನ್ನೂ ಸೇರಿಸಬೇಕು. ಸದ್ಯಕ್ಕೆ ಮತ್ತೆ ಹೊತ್ತಿಸುವಾಗ ಚೋಕ್ ಎಳೆಯಬೇಡಿ. ಆಕ್ಸಿಲರೇಟರ್ ಸ್ವಲ್ಪವೇ ತೆರೆದು ಸೆಲ್ಫ್ ಒತ್ತಿ.

ಟ್ಯಾಪೆಟ್ ನೋಡಿಸುವುದಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ. ಓಡಿಸಿಕೊಂಡು ಹೋಗಿ ಬಿಸಿಯಲ್ಲೇ ಅಳೆಸಿದರೆ ಆ ಗ್ಯಾಪ್ ಲೆಕ್ಕಕ್ಕೆ ಬರುವುದಿಲ್ಲ.